ಹದಿನೈದಕ್ಕೂ ಐವತ್ತಕ್ಕೂ ನಡುವೆ

ಬಿ.ಸಿ.ರೋಡಿನಲ್ಲಿ ಬಸ್ಸು ಕಾಯುವಾಗ ಎಲ್ಲರೂ ಪರಿಸರವಾದಿಗಳೇ. ಹತ್ತಿ ಕಿಟಕಿ ಬದಿಯ ಸೀಟು ಸಿಕ್ಕಿತೋ, ಅರ್ಥಶಾಸ್ತ್ರಜ್ಞರಾಗಿಬಿಡುತ್ತಾರೆ. ಕೆಳಗೆ ನಿಂತು ಮೂಗಿಗೆ ಕರವಸ್ತ್ರ ಹಿಡಿದು "ಇಂಥ ಬಸ್ಸುಗಳನ್ನೆಲ್ಲ ಗುಜರಿಗೆ ಹಾಕಬೇಕು ಮಾರಾಯ್ರೆ" ಅಂದವರೇ, ಮೂಡುಬಿದಿರೆ ಬಸ್ಸು ಬಂಟ್ವಾಳ ಪೇಟೆ ದಾಟುವ ಮೊದಲು "ಎಂತದು, ಟಿಕೆಟ್ ಪುನಃ ಜಾಸ್ತಿಯಾ?" ಎಂದು ಕಂಡಕ್ಟರನ ಹತ್ತಿರ ವಾದಕ್ಕೆ ಇಳಿದಿರುತ್ತಾರೆ. ಹೊಸ ಬಸ್ಸಿನ ಸಾಲದ ಕಂತು ಅದೇ ಟಿಕೆಟಿನಿಂದ ಹುಟ್ಟಬೇಕೆಂಬುದು ಇಬ್ಬರಿಗೂ ಗೊತ್ತು. ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೆ.

ಈ ಊರುಗಳಿಗೆ ಹೊಗೆಯ ಪರಿಚಯ ಹೊಸತಲ್ಲ. ಸಿ.ಪಿ.ಸಿ. ಎಂದೇ ಹೆಸರಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ 1914ರಲ್ಲಿ ಬಸ್ಸು ಶುರು ಮಾಡಿದಾಗ ಆರಿಸಿಕೊಂಡದ್ದು ಮಂಗಳೂರು–ಬಂಟ್ವಾಳ ದಾರಿಯನ್ನು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದು, ಮದ್ರಾಸ್ ಪ್ರಾಂತದ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಿದವು. ಒಲೆ ಹೊತ್ತಿಸಬೇಕು, ಗಾಳಿ ತಿರುಗಿಸಬೇಕು, ಗ್ಯಾಸ್ ಹುಟ್ಟುವ ತನಕ ಪ್ರಯಾಣಿಕರು ವೀಳ್ಯ ಮೆಲ್ಲುತ್ತ ಕಾಯಬೇಕು. ಹೊಗೆ ಬಂತೆಂದರೆ ಆಗ ಎಲ್ಲರಿಗೂ ಸಂತೋಷ, ಇನ್ನು ಬಸ್ಸು ಹೊರಡುತ್ತದಲ್ಲ!

ಬೆಳ್ತಂಗಡಿ ಕಡೆಯ ನನ್ನ ಸೋದರಮಾವನ ಬಳಿ 1998ರ ಕಮಾಂಡರ್ ಜೀಪು ಉಂಟು. ವಾರಕ್ಕೊಮ್ಮೆ ಅದು ತೋಟದಿಂದ ಪೇಟೆಗೆ ಇಳಿಯುತ್ತದೆ: ಹೋಗುವಾಗ ಅಡಿಕೆ ಮೂಟೆ, ಬರುವಾಗ ದನಗಳಿಗೆ ಹಿಂಡಿ, ಜೊತೆಗೆ ದಾರಿಯಲ್ಲಿ ಕೈ ತೋರಿಸಿದವರೆಲ್ಲ. ಉಳಿದ ಆರು ದಿನ ಕೊಟ್ಟಿಗೆಯ ಪಕ್ಕ ನಿಂತಿರುತ್ತದೆ, ಕೋಳಿಗಳು ಅದರ ಹಿಂದಿನ ಸೀಟಿನಲ್ಲಿ ಮೊಟ್ಟೆ ಇಡುತ್ತವೆ. ಖಾಸಗಿ ಕಾರು–ಜೀಪುಗಳ ಹದಿನೈದು ವರ್ಷ ಮುಗಿದ ಮೇಲಿನ ಮರುನೋಂದಣಿ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಹಾರಿತು. 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ದಾಟಿದ್ದಕ್ಕೆ 10,000. "ದುಡ್ಡು ಕಟ್ಟಿದರೆ ಹೊಗೆ ಕಡಿಮೆ ಆಗ್ತದಾ?" ಎಂದು ಮಾವ ಕೇಳಿದರು. ಆಗುವುದಿಲ್ಲ ಮಾವ, ಅದು ವಯಸ್ಸಿಗೆ ಹಾಕಿದ ಶುಲ್ಕ ಅಂದೆ. "ಹಾಗಾದರೆ ನನಗೂ ಹಾಕಲಿ" ಎಂದು ಒಳಗೆ ಹೋದರು.

ನನ್ನ ತಕರಾರೂ ಅಲ್ಲೇ. ಹೊಗೆ ಅಳೆಯುವ ಯಂತ್ರ ನಮ್ಮಲ್ಲಿ ಉಂಟು. ಸೈಲೆನ್ಸರಿಗೆ ಕೊಳವೆ ತೂರಿಸಿ, ಎಕ್ಸಿಲರೇಟರ್ ಒತ್ತಿಸಿ ಲೆಕ್ಕ ತೆಗೆಯುತ್ತಾರೆ. ಎಮಿಷನ್ ಸರ್ಟಿಫಿಕೇಟ್ ಹಳೆಯ ಗಾಡಿಗೆ ಆರು ತಿಂಗಳಿಗೊಮ್ಮೆ, ಬಿ.ಎಸ್.-4ರಿಂದ ಈಚಿನವಕ್ಕೆ ವರ್ಷಕ್ಕೊಮ್ಮೆ. ಈ ಪರೀಕ್ಷೆಯನ್ನು ಎಷ್ಟು ಬೇಕಾದರೂ ಬಿಗಿ ಮಾಡಲಿ, ಗಾಡಿ ಎಷ್ಟು ಓಡುತ್ತದೆಂದೂ ನೋಡಲಿ. ಹುಟ್ಟಿದ ಇಸವಿ ನೋಡಿ ಬೆಲೆ ಕಟ್ಟಿದರೆ, ಮುನ್ನೂರು ದಿನ ಕೋಳಿಗೂಡಾಗಿರುವ ಜೀಪೂ ದಿನವಿಡೀ ರಸ್ತೆಯಲ್ಲಿರುವ ಗಾಡಿಯೂ ಒಂದೇ ಆಗಿಬಿಡುತ್ತವೆ.

ಹಾಗೆಂದು ಹೊಸ ನಿಯಮವನ್ನು ಹಂಗಿಸುವಂತಿಲ್ಲ. 2020ರ ಏಪ್ರಿಲಿನಲ್ಲಿ ಬಿ.ಎಸ್.-6 ಬಂದಾಗ ಡೀಸೆಲಿನ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ಡೀಸೆಲ್ ಕಾರು ಕಿಲೋಮೀಟರಿಗೆ ಉಗುಳಬಹುದಾದ ಮಸಿ 25 ಮಿಲಿಗ್ರಾಮಿನಿಂದ 4.5ಕ್ಕೆ ಬಂತು. ಬಿ.ಸಿ.ರೋಡಿನ ಫುಟ್‌ಪಾತಿನಲ್ಲಿ ದಿನವಿಡೀ ಮಲ್ಲಿಗೆ ಮಾರುವವರ ಎದೆಗೆ ಇದು ಸಣ್ಣ ಲೆಕ್ಕವಲ್ಲ. ಅವರಿಗೆ ಮಾವನ ಅಡಿಕೆಯ ಕಷ್ಟ ಹೇಳಲು ನನಗೂ ಮುಖವಿಲ್ಲ.

ಆದರೆ ಹೊಸ ಗಾಡಿಗೂ ಅದರದ್ದೇ ಹಟ. ಮಸಿ ಸೋಸುವ ಡಿ.ಪಿ.ಎಫ್. ತುಂಬಿದಾಗ ಅದನ್ನು ಸುಟ್ಟುಕೊಳ್ಳಲು ಗಾಡಿ ಒಂದಷ್ಟು ಹೊತ್ತು ವೇಗವಾಗಿ ಓಡಬೇಕು. ದಿಡುಪೆಯಿಂದ ಎಳನೀರಿಗೆ ಫಸ್ಟ್ ಗೇರಿನಲ್ಲಿ ಕಲ್ಲು ಎಣಿಸುತ್ತ ಹತ್ತುವವರಿಗೆ ವೇಗವೆಲ್ಲಿಂದ? ಡ್ಯಾಶ್‌ಬೋರ್ಡಿನ ದೀಪ ಹೊತ್ತಿಕೊಂಡರೆ "ಹೈವೇಯಲ್ಲಿ ಓಡಿಸಿಕೊಂಡು ಬನ್ನಿ" ಎಂಬ ಸಲಹೆ. ಹೊಗೆ ಕಡಿಮೆ ಮಾಡಲಿಕ್ಕೆ ಚಾರ್ಮಾಡಿ ರಸ್ತೆಯಲ್ಲಿ ಕೆಲಸವಿಲ್ಲದೆ ಡೀಸೆಲ್ ಉರಿಸಿ ಬರುವ ಪುಣ್ಯಕಾರ್ಯ.

ಮಾವ ಈಗ ಬೇರೆ ಉಪಾಯ ಹುಡುಕಿದ್ದಾರೆ. ಧರ್ಮಸ್ಥಳದ ಕಾರು ಮ್ಯೂಸಿಯಂಗೆ ನೆಂಟರನ್ನು ಕರೆದುಕೊಂಡು ಹೋದವರು, ಫಳಫಳ ಹೊಳೆಯುವ ಹಳೆಯ ಕಾರುಗಳನ್ನು ನೋಡಿ ಯೋಚನೆಗೆ ಬಿದ್ದರು. 2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಖಾಸಗಿ ಗಾಡಿ ವಿಂಟೇಜ್ ಆಗುತ್ತದೆ. ನೋಂದಣಿಗೆ 20,000 ರೂಪಾಯಿ, ನಂಬರಿನ ನಡುವೆ 'ವಿ.ಎ.' ಎಂಬ ಬಿರುದು. ಅಂದರೆ ಹದಿನೈದರವರೆಗೆ ವಾಹನ, ಐವತ್ತರ ಮೇಲೆ ಪರಂಪರೆ, ನಡುವಿನ ಮೂವತ್ತೈದು ವರ್ಷ ಮಾತ್ರ ಅಪರಾಧ. "2048ರವರೆಗೆ ಎಳೆದರೆ ಸಾಕು" ಅಂದರು ಮಾವ. ವಿಂಟೇಜ್ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿಗಲ್ಲದೆ ರಸ್ತೆಗಿಳಿಸುವಂತಿಲ್ಲ ಎಂಬುದನ್ನು ನಾನು ಇನ್ನೂ ಹೇಳಿಲ್ಲ.

ಮೂಡುಬಿದಿರೆಯಲ್ಲಿ ಮೊನ್ನೆ ಕರೆಂಟಿನ ರಿಕ್ಷಾ ಹತ್ತಿದೆ. ಎಲೆಕ್ಟ್ರಿಕ್ ವಾಹನ ನೀತಿ ತಂದ ಮೊದಲ ರಾಜ್ಯ ನಮ್ಮದು, 2017ರಲ್ಲಿ. ಮರುವರ್ಷ ಕೇಂದ್ರ ಇಂಥ ಗಾಡಿಗಳಿಗೆ ಪರ್ಮಿಟ್ಟೇ ಬೇಡ ಅಂದಿತು. ಪರ್ಮಿಟ್ಟಿಗೆ ದುಡ್ಡು ಸುರಿದ ಡೀಸೆಲ್ ರಿಕ್ಷಾದವರ ಮುಖ ಸಹಜವಾಗಿಯೇ ಗಂಟಾಗಿದೆ. ಹೊಗೆಯಿಲ್ಲ, ಸದ್ದಿಲ್ಲ, ಪಕ್ಕದ ಸ್ಟ್ಯಾಂಡಿನವರ ಬೈಗುಳ ಸ್ಪಷ್ಟವಾಗಿ ಕೇಳಿಸುತ್ತದೆ. ಚಾಲಕನಿಗೆ ಅದರ ಪರಿವೆಯಿಲ್ಲ, ಅವನ ಕಣ್ಣು ಚಾರ್ಜಿನ ಗೆರೆಗಳ ಮೇಲೆ. ಹಿಂದಿನ ರಾತ್ರಿಯ ಗಾಳಿಮಳೆಗೆ ಕರೆಂಟು ಹೋಗಿತ್ತಂತೆ.

"ವೇಣೂರಿಗೆ ಹೋಗಬಹುದಾ?" ಕೇಳಿದೆ.

"ಹೋಗುವ ಸರ್, ಅದಕ್ಕೆಂತ? ನಿಮಗೆ ವೇಣೂರಿನಲ್ಲಿ ಪ್ಲಗ್ ಪಾಯಿಂಟ್ ಇರುವ ಮನೆಯವರ ಪರಿಚಯ ಉಂಟಾ?"