ವಾಮಹಸ್ತ ಮೀಮಾಂಸೆ

ಕೀಬೋರ್ಡು ಕಲಿಯಲು ತೊಡಗಿದ ಎಂಟು ವರ್ಷದ ಬಾಲಕನ ಬಲಗೈಯು ಹಾಡಿನ ಮೊದಲ ನಾಲ್ಕು ಎಣಿಕೆಗಳನ್ನು ಸುಖವಾಗಿ ದಾಟಿದೊಡನೆಯೇ, ಅವನ ಎಡಗೈಯು ಹಿಡಿದಿದ್ದ ಕಾರ್ಡೆಂಬ ಸ್ವರಗುಚ್ಛವನ್ನು ತೊರೆದು, ಮುಂದಿನ ಕಾರ್ಡನ್ನರಸುತ್ತ ಅಂತರಿಕ್ಷದಲ್ಲಿ ಕೆಲಕಾಲ ಅಲೆದು, ಕಡೆಗೆ ಇಳಿಯಬಾರದ ಸ್ಥಳದಲ್ಲಿಯೇ ಇಳಿಯುವುದೆಂಬ ಸಂಗತಿಯು ಬೆಂಗಳೂರಿನ ಜಯನಗರ, ಮಲ್ಲೇಶ್ವರಾದಿ ಬಡಾವಣೆಗಳಲ್ಲಿ ಸಂಜೆಯ ಹೊತ್ತು ಕಿವಿಯುಳ್ಳವರೆಲ್ಲರಿಗೂ ಪ್ರತ್ಯಕ್ಷಪ್ರಮಾಣದಿಂದಲೇ ಸಿದ್ಧವಾಗಿರುವುದರಿಂದ, ಅದನ್ನು ಸಾಧಿಸುವ ಶ್ರಮವನ್ನು ಇಲ್ಲಿ ಕೈಗೊಂಡಿಲ್ಲ. ಆ ಅಲೆದಾಟದ ಅವಧಿಯಲ್ಲಿ ಬಲಗೈ ಸುಮ್ಮನೆ ಕಾಯುತ್ತದೆ, ಯಂತ್ರದೊಳಗಿನ ಡ್ರಮ್ಮು ಯಾರಿಗೂ ಕಾಯದೆ ಮುಂದೆ ಸಾಗುತ್ತದೆ, ಅಡುಗೆಮನೆಯಿಂದ “ಎಡಗೈ ಎಲ್ಲಿ ಹೋಯ್ತೋ ಪುಟ್ಟಾ?” ಎಂಬ ಅಶರೀರವಾಣಿ ಕೇಳಿಬರುತ್ತದೆ. ಆ ಪ್ರಶ್ನೆಗೆ ಶಾಸ್ತ್ರೋಕ್ತವಾದ ಉತ್ತರವನ್ನೀಯುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನವು.

ಮೊದಲು ಚರಿತ್ರವಾದಿಗಳ ಪೂರ್ವಪಕ್ಷ. ಕಲ್ಕತ್ತೆಯ ದ್ವಾರಕಾನಾಥ ಘೋಷರು 1875ರಲ್ಲಿ ಕೈಹಾರ್ಮೋನಿಯಮ್ಮನ್ನು ರೂಪಿಸಿದಂದಿನಿಂದ ನಮ್ಮ ದೇಶದ ಎಡಗೈಗೆ ತಿದಿಯೊತ್ತುವ ಊಳಿಗವೇ ಗತಿಯಾಯಿತೆಂದೂ, ಗಾಳಿ ಹಾಕುವವನಿಗೆ ಸ್ವರಜ್ಞಾನವೇಕೆಂದು ಎಲ್ಲರೂ ಅದನ್ನು ಕಡೆಗಣಿಸಿದರೆಂದೂ, ಕಂಪನಿ ನಾಟಕಗಳ ಕಾಲುಹಾರ್ಮೋನಿಯಂ ಗಾಳಿಯ ಭಾರವನ್ನು ಪಾದಗಳಿಗೆ ವರ್ಗಾಯಿಸಿತಾದರೂ ನಮ್ಮ ರಾಗಸಂಗೀತಕ್ಕೆ ಕಾರ್ಡಿನ ಅಪೇಕ್ಷೆಯೇ ಇಲ್ಲದ ಕಾರಣ ಬಿಡುಗಡೆ ಹೊಂದಿದ ಕೈಗೆ ಆ ಉದ್ಯೋಗ ದೊರೆಯಲಿಲ್ಲವೆಂದೂ, ಅಜ್ಜ ತಿದಿಯೊತ್ತಿದ ಫಲವನ್ನೇ ಇಂದು ಮೊಮ್ಮಗ ಉಣ್ಣುತ್ತಿರುವನೆಂದೂ ಇವರ ಮತ. ಕೇಳಲು ಬಹು ರಮ್ಯವಾದ ಮತವೇ ಸರಿ. ಆದರೆ ತಿದಿಯ ಮುಖವನ್ನೇ ಕಾಣದ ವಿಯೆನ್ನಾದ ಮಕ್ಕಳೂ ಹೀಗೆಯೇ ತಡವರಿಸುವರಾದುದರಿಂದ ಅದು ನಿಲ್ಲದು. ಅದೇ ವಿಯೆನ್ನಾದಲ್ಲಿ, ಮೊದಲ ಮಹಾಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡ ಪಿಯಾನೋವಾದಕ ಪಾಲ್ ವಿಟ್ಗೆನ್‌ಸ್ಟೈನರು, ಸಂಗೀತರಚನಕಾರ ರಾವೆಲ್ ತಮಗಾಗಿ ರಚಿಸಿದ ಇಡಿಯ ಕೃತಿಯನ್ನು 1932ರಲ್ಲಿ ಎಡಗೈಯೊಂದರಿಂದಲೇ ನುಡಿಸಿದರೆಂದು ತಂದೆಯರು ಮಕ್ಕಳನ್ನು ಹುರಿದುಂಬಿಸುವುದುಂಟು. “ಅವರಿಗೆ ಬಲಗೈ ಕಡೆ ನೋಡೋ ತಾಪತ್ರಯ ಇರಲಿಲ್ಲವಲ್ಲಪ್ಪಾ” ಎಂಬ ಮಕ್ಕಳ ಸಮಾಧಾನದಲ್ಲಿ ತರ್ಕದೋಷವನ್ನು ಈವರೆಗೆ ಯಾವ ತಂದೆಯೂ ತೋರಿಸಿಕೊಟ್ಟಿಲ್ಲ.

ಇನ್ನು ಸಿದ್ಧಾಂತ. ಸಿ ಕಾರ್ಡಿಗೆ ಸಿ, ಇ, ಜಿ. ಎಫ್ ಕಾರ್ಡಿಗೆ ಎಫ್, ಎ, ಸಿ. ಜಿ ಕಾರ್ಡಿಗೆ ಜಿ, ಬಿ, ಡಿ ಎಂದು ಪುಸ್ತಕದಿಂದ ಬಾಯಿಪಾಠ ಮಾಡಿದ ಶಿಷ್ಯನು, ಒಂದೊಂದು ಕಾರ್ಡಿಗೂ ಬಾಡಿಗೆಮನೆ ಬದಲಿಸುವವರಂತೆ ಬೆರಳುಗಳನ್ನೆಲ್ಲ ಗಂಟುಕಟ್ಟಿಕೊಂಡು ಹೊರಡುತ್ತಾನೆ. ಅನರ್ಥಕ್ಕೆಲ್ಲ ಇದೇ ಮೂಲ. ಸ್ವರಗಳ ಮೇಲುಕೆಳಗಿನ ಕ್ರಮವು ವ್ಯತ್ಯಾಸವಾದರೂ ಕಾರ್ಡಿನ ಸ್ವರೂಪಕ್ಕೆ ಹಾನಿಯಿಲ್ಲವೆಂದು ಫ್ರಾನ್ಸಿನ ರಾಮೋ ಎಂಬ ಆಚಾರ್ಯನು 1722ರಷ್ಟು ಹಿಂದೆಯೇ ಗ್ರಂಥಮುಖೇನ ಪ್ರತಿಪಾದಿಸಿರಲಾಗಿ, ಮಗುವನ್ನು ಹೀಗೆ ಓಡಾಡಿಸುವುದು ಶಾಸ್ತ್ರವಿರುದ್ಧವೂ ಹೌದು, ನಿರ್ದಯವೂ ಹೌದು. ಕಿರುಬೆರಳು ಸಿಯಲ್ಲಿ, ನಡುಬೆರಳು ಇಯಲ್ಲಿ, ಹೆಬ್ಬೆರಳು ಜಿಯಲ್ಲಿ ಇರುವಾಗ, ಕಿರುಬೆರಳನ್ನು ಕದಲಿಸದೆ, ನಡುಬೆರಳನ್ನೆತ್ತಿ ತೋರುಬೆರಳನ್ನು ಎಫ್ ಮೇಲಿರಿಸಿ, ಹೆಬ್ಬೆರಳನ್ನು ಪಕ್ಕದ ಎಗೆ ಸರಿಸಿದರೆ ಅದೇ ಎಫ್ ಕಾರ್ಡು. ಮತ್ತೆ ಸಿ ಕಾರ್ಡಿಗೆ ಮರಳಿ, ಈ ಸಲ ಹೆಬ್ಬೆರಳನ್ನು ಜಿಯಲ್ಲಿಯೇ ನಿಲ್ಲಿಸಿ, ಕಿರುಬೆರಳನ್ನು ಒಂದು ಹೆಜ್ಜೆ ಕೆಳಗಣ ಬಿಗೆ ಇಳಿಸಿ ತೋರುಬೆರಳನ್ನು ಎಫ್‌ಗೆ ಕಳುಹಿದರೆ, ಜಿ ಕಾರ್ಡಿಗೆ ಎಫ್ ಸೇರಿದ ಜಿ ಸೆವೆನ್. ಇದರಲ್ಲಿ ಡಿ ಬಿಟ್ಟುಹೋಗಿರುವುದು ನಿಜವಾದರೂ ಅದನ್ನು ಯಾರೂ ಬಂದು ವಿಚಾರಿಸುವುದಿಲ್ಲ. ಎಫ್ ಕಾರ್ಡಿನಿಂದ ನೇರವಾಗಿ ಜಿ ಸೆವೆನ್‌ಗೆ ಹೋಗುವಾಗಲಾದರೋ ತೋರುಬೆರಳೇ ಸ್ಥಾಣುವಾಗಿ ನಿಲ್ಲುತ್ತದೆ. ಈ ಮೂರು ಕಾರ್ಡುಗಳೊಳಗೆ ಯಾವ ಎರಡನ್ನು ಆಯ್ದರೂ ನಡುವೆ ಒಂದು ಬೆರಳು ಕದಲಬೇಕಾಗಿಲ್ಲವೆಂಬ ಈ ತತ್ತ್ವಕ್ಕೆ ‘ಅಚಲಾಂಗುಲಿವಾದ’ವೆಂದು ಹೆಸರಿಡಲು ಅಪ್ಪಣೆ ಬೇಡುತ್ತೇನೆ.

ಸಿದ್ಧಾಂತವು ಎಷ್ಟೇ ನಿರ್ದುಷ್ಟವಾದರೂ ಬೆರಳುಗಳು ಅದನ್ನು ಓದಿರುವುದಿಲ್ಲ. ತೋರುಬೆರಳು ಎಫ್ ಕಡೆಗೆ ಹೊರಟಿತೋ ಇಲ್ಲವೋ, ಆ ವ್ಯವಹಾರದೊಡನೆ ಯಾವ ಸಂಬಂಧವೂ ಇಲ್ಲದ ಕಿರುಬೆರಳು ಸಹಾನುಭೂತಿಯಿಂದ ನೆಟ್ಟಗೆ ಎದ್ದು ನಿಲ್ಲುತ್ತದೆ. ನಾಲಗೆಯ ತುದಿ ತುಟಿಯ ಮೂಲೆಯಲ್ಲಿ ಇಣುಕುತ್ತದೆ. ಕೊನೆಗೆ ಬಲಗೈಯೇ ಹಾಡನ್ನು ನಡುವೆ ಬಿಟ್ಟುಬಂದು, ಎಡಗೈಯ ಕಿರುಬೆರಳನ್ನು ಎರಡು ಬೆರಳಿನಿಂದ ಹಿಡಿದು, ‘ಸಿ’ ಎಂಬ ಚೀಟಿಯಂಟಿಸಿದ ಕೀಯ ಮೇಲೆ ಕುಳ್ಳಿರಿಸುತ್ತದೆ. ಇಂತಹ ವೇಳೆಯಲ್ಲಿ ಗುರುವು ಗದರದೆ, ಎದ್ದ ಬೆರಳಿನ ಮೇಲೆ ತನ್ನ ಬೆರಳನ್ನು ಹಗುರವಾಗಿರಿಸಿ ಬದಲಾವಣೆ ಮುಗಿಯುವ ತನಕ ಅಲ್ಲಿಯೇ ಇರತಕ್ಕದ್ದು. ಬಲಗೈಗೆ ಕೆಲವು ದಿನ ರಜೆ ಕೊಟ್ಟು, ಎರಡೇ ಕಾರ್ಡುಗಳನ್ನಿಟ್ಟುಕೊಂಡು, ಮೆಟ್ರೊನೋಮನ್ನು 60ಕ್ಕೆ ಇಳಿಸಿ, ಒಂದನೆಯ ಎಣಿಕೆಗೆ ಒತ್ತಿ, ಮೂರರವರೆಗೆ ಹಿಡಿದು, ನಾಲ್ಕನೆಯದರಲ್ಲಿ ಚಲಿಸಬೇಕಾದ ಬೆರಳುಗಳು ಮಾತ್ರ ಸದ್ದಿಲ್ಲದೆ ಹೊಸ ಕೀಗಳನ್ನು ಮುಟ್ಟಿ ಕಾಯುವಂತೆ ಅಭ್ಯಾಸ ಮಾಡಿಸುವುದು ಸರ್ವಸಮ್ಮತವಾದ ವಿಧಿ. ನಾಲ್ಕನೆಯ ಎಣಿಕೆಯನ್ನು ಬಿಟ್ಟುಕೊಡಲೊಪ್ಪದೆ ಕೊನೆಯ ಕ್ಷಣದಲ್ಲಿ ಜಿಗಿಯುವವನೇ ಅಂತರಿಕ್ಷದಲ್ಲಿ ಕಾಣೆಯಾಗುವವನು.

ಇಷ್ಟೆಲ್ಲ ಸಾಧಿಸಿದ ಮೇಲೆ ಉಳಿಯುವ ಬಲವಾದ ಆಕ್ಷೇಪವು ಕೀಬೋರ್ಡಿನೊಳಗೇ ಅಡಗಿದೆ. ಎಡಭಾಗದಲ್ಲಿ ಒಂದೇ ಕೀಯನ್ನು ಒಂದೇ ಬೆರಳಿನಿಂದ ಒತ್ತಿದರೆ ಪೂರ್ಣ ಕಾರ್ಡೂ, ಅದರ ಹಿಂದೆ ಬೇಸು ಗಿಟಾರಾದಿ ಸಕಲ ವಾದ್ಯಪರಿವಾರವೂ ತಾನಾಗಿ ನುಡಿಯುವಂತೆ ಮಾಡುವ ಏರ್ಪಾಡೊಂದನ್ನು ತಯಾರಕರು ಔದಾರ್ಯದಿಂದ ಒದಗಿಸಿದ್ದಾರೆ. ಅದನ್ನು ಪತ್ತೆಹಚ್ಚಿದ ದಿನವೇ ಬಾಲಕನ ದೃಷ್ಟಿಯಲ್ಲಿ ರಾಮೋ ಆಚಾರ್ಯನೂ ಅಚಲಾಂಗುಲಿವಾದವೂ ಏಕಕಾಲದಲ್ಲಿ ನಿರಸ್ತವಾಗುತ್ತವೆ. ಇದಕ್ಕೆ ಪರಿಹಾರವಾಗಿ ಆ ಏರ್ಪಾಡಿನ ಗುಂಡಿಯ ಮೇಲೆ ಕಪ್ಪು ಟೇಪು ಅಂಟಿಸುವ ಸಂಪ್ರದಾಯ ಕೆಲವು ಮನೆಗಳಲ್ಲಿ ರೂಢಿಯಲ್ಲಿದೆ. ಆದರೆ ಟೇಪಿನ ಅಂಚನ್ನು ಉಗುರಿನಿಂದ ಎಬ್ಬಿಸಿ, ಹರಿಯದಂತೆ ಸುಲಿದು, ಅಮ್ಮ ಬರುವ ಸದ್ದಾದೊಡನೆ ಸುಕ್ಕಿಲ್ಲದೆ ಮರಳಿ ಅಂಟಿಸುವ ಆ ಸೂಕ್ಷ್ಮ ಕಾರ್ಯವನ್ನು, ಬಲಗೈಯು ಹಾಡನ್ನು ನಿಲ್ಲಿಸದೆ ನುಡಿಸುತ್ತಿರುವಾಗಲೇ, ಎಡಗೈಯೊಂದೇ ಒಂದು ತಪ್ಪೂ ಇಲ್ಲದೆ ನೆರವೇರಿಸುತ್ತದೆ.