ಐ ಹೋದರೆ ಮಂಗಲ

ಬೆಂಗಳೂರಿನವರು ಐಫೋನು, ಐಪ್ಯಾಡು ಎಂದು ಬಾಯ್ತುಂಬ ಹೇಳುವಾಗ ನನಗೆ ಒಳಗೊಳಗೇ ನಗು. ಐಪ್ಯಾಡು ಹುಟ್ಟಿದ್ದು 2010ರಲ್ಲಿ. ನಮ್ಮೂರು ಅದಕ್ಕೂ ಎಷ್ಟೋ ತಲೆಮಾರು ಮೊದಲೇ ಹೆಸರಿನ ಮುಂದೆ ಐ ಸಿಕ್ಕಿಸಿಕೊಂಡು ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವೆ ಹೆದ್ದಾರಿಯ ಪಕ್ಕ ಕೂತಿದೆ. ಕಂಡಕ್ಟರು ‘ಐಮಂಗ್ಲಾ, ಐಮಂಗ್ಲಾ’ ಎಂದು ಅವಸರದಲ್ಲಿ ಕೂಗುವಾಗಲೂ ಸವೆಯುವುದು ಕೊನೆಯ ಅಕ್ಷರಗಳೇ ಹೊರತು ಐ ಅಲ್ಲ.

ನಮ್ಮನೆಗೆ ಐಪ್ಯಾಡು ಬಂದದ್ದು ಮಗಳ ಕಡೆಯಿಂದ. ಅವಳು ಹೊಸದು ಕೊಂಡಳು, ಹಳೆಯದು ನನ್ನ ಪಾಲಿಗೆ ಬಂತು. ನಮ್ಮ ಕಾಲದಲ್ಲಿ ಅಪ್ಪನ ಹಳೇ ಅಂಗಿ ಕತ್ತರಿಸಿ ಮಕ್ಕಳಿಗೆ ಹೊಲಿಸುತ್ತಿದ್ದರು. ಈಗ ಮಕ್ಕಳ ಹಳತು ಅಪ್ಪನಿಗೆ. ಕತ್ತರಿಸುವಂತಿಲ್ಲ, ಅಷ್ಟೆ. ಊರಲ್ಲಿ ಅದನ್ನು ಯಾರೂ ಐಪ್ಯಾಡ್ ಅನ್ನಲಿಲ್ಲ. ‘ಮೇಷ್ಟ್ರು ಟ್ಯಾಬು’ ಎಂದರು. ನಾನೂ ಹಾಗೇ ಕರೆದೆ.

ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದು, ಬರೆದಷ್ಟನ್ನೂ ನಾನೇ ಒರೆಸಿದವನು ನಾನು. ಬರೆದದ್ದು ಉಳಿಯಬೇಕು ಎಂಬ ಚಪಲ ಹತ್ತಿದ್ದು ನಿವೃತ್ತಿಯಾದ ಮೇಲೆ. ಟ್ಯಾಬಿನ ನೋಟ್ಸಿನಲ್ಲಿ ಸಿಕ್ಕಿದ್ದನ್ನೆಲ್ಲ ಬರೆಯತೊಡಗಿದೆ. ಊರಿನ ಹೆಸರಿಗೆ ಐ ಬಂದದ್ದು ಹೇಗೆ ಎಂದು ನಾಲ್ಕು ಜನ ಹಿರಿಯರು ಹೇಳಿದ ನಾಲ್ಕು ಕಥೆ. ಕೈಸಾಲದ ಲೆಕ್ಕ. ಹಾಲಿನ ಲೆಕ್ಕ. ಬೋರ್‌ವೆಲ್ ಎಷ್ಟು ಅಡಿಗೆ ನೀರು ಬಿಟ್ಟುಕೊಟ್ಟಿತು, ಎಷ್ಟು ಅಡಿಗೆ ಬರೀ ಹುಡಿ ಹಾರಿಸಿತು. ‘ನಾಳೆಯಿಂದ ವಾಕಿಂಗ್’ ಎಂಬ ಸಂಕಲ್ಪ. ಮುಖ್ಯವಾಗಿ, ಮಾರಿಕಣಿವೆ.

ಹೊರಗಿನವರಿಗೆ ಅದು ವಾಣಿವಿಲಾಸ ಸಾಗರ. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಅಣೆಕಟ್ಟೆ. 1933ರಲ್ಲಿ ಒಮ್ಮೆ ತುಂಬಿ ಕೋಡಿ ಬಿದ್ದದ್ದು, ಆಮೇಲೆ ನಮ್ಮನ್ನು 89 ವರ್ಷ ಕಾಯಿಸಿತು. ನನ್ನ ಬಾಲ್ಯದಲ್ಲಿ ಯಾರಾದರೂ ಆಗದ ಮಾತಾಡಿದರೆ ‘ಮಾರಿಕಣಿವೆ ಕೋಡಿ ಬಿದ್ದಾಗ ಕೊಡ್ತೀನಿ ಹೋಗು’ ಎನ್ನುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಅದು ನಿಜವಾಗಿಯೂ ಕೋಡಿ ಬಿದ್ದಾಗ ಎಷ್ಟು ಹಳೇ ಸಾಲಗಳು ಜೀವ ಪಡೆದವೋ ದೇವರಿಗೇ ಗೊತ್ತು. 2025ರ ಜನವರಿಯಲ್ಲಿ ಮತ್ತೆ ತುಂಬಿತು. ಆ ಗಾದೆ ಆಡುವವರು ಈಗ ಯೋಚಿಸಿ ಬಾಯಿಬಿಡುತ್ತಾರೆ. ಅದಿರಲಿ. 1933ರ ಕೋಡಿಯನ್ನು ಹುಡುಗನಾಗಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದ ಒಬ್ಬ ಅಜ್ಜನನ್ನು ಹುಡುಕಿಕೊಂಡು ಹೋಗಿ, ಒಂದು ಮಧ್ಯಾಹ್ನ ಪೂರ್ತಿ ಅವರ ಜಗುಲಿಯಲ್ಲಿ ಕೂತಿದ್ದೆ. ಅವರು ಹೇಳಿದರು, ನಾನು ಬರೆದುಕೊಂಡೆ. ಮುಂದಿನ ಬೇಸಿಗೆಗೆ ಅಜ್ಜ ಹೋದರು.

ಒಟ್ಟು 214 ಟಿಪ್ಪಣಿ. ಯುಗಾದಿಗೆ ಒಂಬತ್ತು ದಿನ ಇರುವಾಗ ಅವುಗಳಲ್ಲಿ ಒಂದೇ ಒಂದು ಬೇಡವಾಯಿತು. ಅದು ಯಾವುದು ಎಂಬುದನ್ನು ಆಮೇಲೆ ಹೇಳುತ್ತೇನೆ, ಹೇಳದೆ ವಿಧಿಯಿಲ್ಲ. ಮೂಲೆಯಲ್ಲಿದ್ದ ಮೂರು ಚುಕ್ಕಿ ಒತ್ತಿದೆ. ಆಯ್ಕೆ ಮಾಡಿ ಎಂದಿತು. ಮಾಡಿದೆ ಅಂದುಕೊಂಡೆ. ಕನ್ನಡಕ ಅಡುಗೆಮನೆಯ ಕಿಟಕಿಯಲ್ಲಿತ್ತು. ಆ ಯಂತ್ರದ ನ್ಯಾಯ ಹೀಗಿದೆ: ನೀವು ಒಂದನ್ನೂ ಗುರುತು ಮಾಡದೇ ಇದ್ದರೆ ಕೆಳಗೆ ‘ಡಿಲೀಟ್ ಆಲ್’ ಎಂದು ಇರುತ್ತದೆ. ಯಾವುದೂ ಬೇಡ ಎಂದವನಿಗೆ ಎಲ್ಲವೂ ಬೇಡ ಎಂದು ಅರ್ಥ. ‘ಡಿಲೀಟ್’ ಕಂಡಿತು, ‘ಆಲ್’ ಕಾಣಲಿಲ್ಲ. ಒತ್ತಿದೆ. ನಿಜವೇ ಎಂದು ಅದು ಇನ್ನೊಮ್ಮೆ ಕೇಳಿತು. ಮೇಷ್ಟ್ರನ್ನು ಎರಡೆರಡು ಸಲ ಕೇಳುತ್ತೀಯಾ ಎಂಬ ಸಿಟ್ಟಿನಲ್ಲಿ ಇನ್ನೊಮ್ಮೆ ಒತ್ತಿದೆ.

ಪರದೆ ಅಮಾವಾಸ್ಯೆಯಂತೆ ಕಪ್ಪಾಗಿದ್ದರೆ ಪರವಾಗಿರಲಿಲ್ಲ. ಮದುವೆಮನೆಯ ಹೊಸ ಸುಣ್ಣದ ಗೋಡೆಯಂತೆ ಬೆಳ್ಳಗಿತ್ತು.

ಮೊದಲು ಮಾಡಿದ ಕೆಲಸ, ಮೊಮ್ಮಗನನ್ನು ಬೈದದ್ದು. ಅವನು ಬೆಂಗಳೂರಿನಲ್ಲಿದ್ದ. ಫೋನಿನಲ್ಲೇ ಬೈದೆ. ‘ತಾತ, ನಾನು ಸಂಕ್ರಾಂತಿಗೇ ಬಂದು ಹೋಗಿದ್ದು’ ಅಂತ ಅವನು. ಲೆಕ್ಕದಲ್ಲಿ ಹುಷಾರು.

ಹಿತ್ತಲಲ್ಲಿ ಕೂತು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಸ್ಲೇಟಿನಲ್ಲಿ ಅಕ್ಷರ ಕಲಿತವನು ನಾನು. ಎಂಜಲಿನಿಂದ ಒರೆಸಿದರೆ ಸರಸ್ವತಿಗೆ ಸಿಟ್ಟು ಬರುತ್ತದೆಂದು ಮೇಷ್ಟ್ರು ಬೆತ್ತ ತೋರಿಸುತ್ತಿದ್ದರು. ಅದಕ್ಕೇ ಬೇಲಿಯ ತೊಂಡೆಸೊಪ್ಪು ಕಿತ್ತು, ಇದ್ದಿಲು ಸೇರಿಸಿ ಉಜ್ಜಿ ಸ್ಲೇಟನ್ನು ಮಿರಮಿರ ಕಪ್ಪಗೆ ಮಾಡುತ್ತಿದ್ದೆವು. ಅದಕ್ಕೂ ಹಿಂದೆ ನಮ್ಮವರ ಬಳಿ ಕಡತ ಇತ್ತು. ಈಗ ಕಡತ ಅಂದರೆ ತಾಲ್ಲೂಕು ಕಚೇರಿಯ ಫೈಲು, ಸಾಹೇಬರ ಟೇಬಲ್ಲಿಗೆ ಹೋಗಿ ಅಲ್ಲೇ ನಿದ್ದೆ ಹೋಗುವಂಥದ್ದು. ಹಿಂದಿನದು ಬೇರೆ: ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಹಲಗೆಯ ಹಾಗೆ ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಪುಸ್ತಕ. ಬಳಪದಲ್ಲಿ ಬರೆ, ಬೇಡವಾದರೆ ಒರೆಸು, ಮೇಲೊಂದು ಕೈ ಕರಿ ಬಳಿ, ಮತ್ತೆ ಬರೆ. ಟ್ಯಾಬಿನ ಮುತ್ತಜ್ಜ ಎನ್ನಲು ಅಡ್ಡಿಯಿಲ್ಲ. ಚಾರ್ಜು ಬೇಡ. ಆದರೆ ಒಬ್ಬ ಶಾನುಭೋಗ ಇಡೀ ಕಡತ ಒರೆಸಬೇಕಾದರೆ ಅವನ ರೆಟ್ಟೆ ಬಿದ್ದುಹೋಗಬೇಕಿತ್ತು. ನನಗೆ ಬೇಕಾದದ್ದು ಎರಡು ಬೆರಳು ಒತ್ತು.

ಇನ್ನೂ ಹಿಂದೆ ಹೋದರೆ ಕಲ್ಲು. ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಸುತ್ತಲಿನ ಜನ ಅದನ್ನು ಅಕ್ಷರಗುಂಡು ಎಂದರು; ಏನು ಬರೆದಿದೆ ಎಂದು ಗೊತ್ತಿಲ್ಲದಿದ್ದರೂ ಬರೆದಿದೆ ಎಂಬುದು ಗೊತ್ತಿತ್ತು. 1892ರಲ್ಲಿ ಬಿ.ಎಲ್. ರೈಸ್ ಬಂದು ಗುರುತಿಸುವವರೆಗೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಅದು ಬಿಸಿಲಲ್ಲೇ ಇತ್ತು. ಬರೆದವನ ಹೆಸರು ಚಪಡ. ಕೊನೆಯಲ್ಲಿ ತನ್ನ ಹೆಸರು ಹಾಕಿ, ‘ಲಿಪಿಕಾರ’ ಎಂಬುದನ್ನು ಮಾತ್ರ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ ಬರೆದಿದ್ದಾನೆ. ನನಗೆ ಇನ್ನೊಂದು ಲಿಪಿಯೂ ಬರುತ್ತದೆ ನೋಡಿ ಎಂಬ ಗತ್ತು. ಕನ್ನಡ ಪತ್ರದ ಕೆಳಗೆ ಇಂಗ್ಲಿಷಿನಲ್ಲಿ ಸಹಿ ಹಾಕುವ ನನಗೆ ಅವನ ಮೇಲೆ ವಿಶೇಷ ಪ್ರೀತಿ. ಶಿಷ್ಯರು ಗುರುವನ್ನು ಗೌರವಿಸಬೇಕು ಎಂದೂ ಅದರಲ್ಲಿದೆ, ನಿವೃತ್ತ ಮೇಷ್ಟ್ರುಗಳಿಗೆ ಇಡೀ ಸಾಮ್ರಾಜ್ಯದಲ್ಲಿ ಉಳಿದಿರುವ ಏಕೈಕ ಆಧಾರ. ಚಪಡನಿಗೆ ‘ಡಿಲೀಟ್ ಆಲ್’ ಇರಲಿಲ್ಲ. ತಪ್ಪು ಕೆತ್ತಿದರೆ ಬಂಡೆಯನ್ನೇ ಬದಲಾಯಿಸಬೇಕಿತ್ತು.

ಇದರಿಂದೆಲ್ಲ ಸಮಾಧಾನವೇನೂ ಆಗಲಿಲ್ಲ.

ಸಂಜೆ ಹೊತ್ತಿಗೆ ಸುದ್ದಿ ಹೆದ್ದಾರಿಯ ಹೋಟೆಲು ಮುಟ್ಟಿತ್ತು. ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದವರೆಲ್ಲ ಎದ್ದು ಜಾಗ ಕೊಟ್ಟರು, ಮನೆಯಲ್ಲಿ ಯಾರೋ ಹೋದವರಿಗೆ ಕೊಡುವಂತೆ. ‘ಏನೇನ್ ಹೋಯ್ತು ಸಾ?’ ‘ಎಲ್ಲಾ ಹೋಯ್ತಪ್ಪ.’ ‘ಕೈಸಾಲದ್ದೂವಾ?’ ನಾನು ತಲೆಯಾಡಿಸಿದೆ. ಪಕ್ಕದಲ್ಲಿದ್ದ ಇಬ್ಬರ ಮುಖದಲ್ಲಿ ಶೇಂಗಾಕ್ಕೆ ಹದ ಮಳೆ ಬಂದಂಥ ಕಳೆ. ನನ್ನ ಟೀ ದುಡ್ಡು ಅವರೇ ಕೊಟ್ಟರು. ಮರುದಿನದಿಂದ ಆ ಇಬ್ಬರೂ ಮನೆ ಮುಂದೆ ಹಾಯುವಾಗ ತಪ್ಪದೆ ನಿಂತು, ‘ಸಿಕ್ತಾ ಮೇಷ್ಟ್ರೆ?’ ಎಂದು ಬಹಳ ಕಕ್ಕುಲಾತಿಯಿಂದ ವಿಚಾರಿಸುತ್ತಿದ್ದರು. ಇಲ್ಲ ಎಂದರೆ, ‘ಛೆ, ಪಾಪ’ ಎಂದು ಶಿಳ್ಳೆ ಹಾಕುತ್ತಾ ಹೋಗುತ್ತಿದ್ದರು. ನಾನು ಕೊಡಬೇಕಾಗಿದ್ದವರು ಮಾತ್ರ ಟ್ಯಾಬಿಲ್ಲದೆ, ಪುಸ್ತಕವಿಲ್ಲದೆ, ಅಷ್ಟನ್ನೂ ತಾರೀಖಿನ ಸಮೇತ ಒಪ್ಪಿಸಿದರು.

ಸಲಹೆಗಳಿಗೆ ಬರವಿರಲಿಲ್ಲ. ಬೇರೆ ವಿಷಯಕ್ಕೆ ಬರವಿರಬಹುದು ನಮ್ಮ ಸೀಮೆಯಲ್ಲಿ, ಸಲಹೆಗಿಲ್ಲ. ಒಬ್ಬರು, ಊರಲ್ಲೇ ಪೊಲೀಸ್ ತರಬೇತಿ ಶಾಲೆ ಇದೆಯಲ್ಲ, ಬೆಳಿಗ್ಗೆ ಓಡುವ ಹುಡುಗರನ್ನು ಕೇಳಿ ಎಂದರು. ಇನ್ನೊಬ್ಬರು ಅಕ್ಕಿ ಡಬ್ಬದಲ್ಲಿ ಮೂರು ದಿನ ಹೂತಿಡಿ ಎಂದರು. ಅದು ನೀರಿಗೆ ಬಿದ್ದ ಮೊಬೈಲಿಗೆ ಮಾಡುವ ಮದ್ದು ಎಂದರೆ, ‘ಹೋದದ್ದು ಹೋದದ್ದೇ ಅಲ್ವ ಸಾ, ನೀರಿಗೆ ಹೋದ್ರೇನು ಗಾಳಿಗೆ ಹೋದ್ರೇನು’ ಎಂಬ ತರ್ಕ. ದುರ್ಗದಲ್ಲಿ ಒಂದು ಅಂಗಡಿಯವನು ರಿಕವರಿಗೆ ಮೂರು ಸಾವಿರ, ಸಿಕ್ಕರೂ ಮೂರು ಸಾವಿರ, ಸಿಗದಿದ್ದರೂ ಮೂರು ಸಾವಿರ ಎಂದ. ನನ್ನ ಶಿಷ್ಯನೇ. ಅಶೋಕನ ಶಾಸನದ ಬಗ್ಗೆ ಹೇಳೋಣವೆನಿಸಿತು. ಹಿಂದೆ ಗಿರಾಕಿಗಳು ಕಾಯುತ್ತಿದ್ದರು.

ಕೊನೆಗೆ ಅಕ್ಕನ ಮಗನಿಗೆ ಫೋನು ಮಾಡಿದೆ. ಕಂಪ್ಯೂಟರಿನ ಕೆಲಸದವನು. ‘ಮಾವ, ಹಬ್ಬಕ್ಕೆ ಬರ್ತೀನಲ್ಲ, ನೋಡೋಣ. ಅಲ್ಲೀತಂಕ ಅದನ್ನ ಮುಟ್ಟಬ್ಯಾಡಿ. ನೀವು ಮುಟ್ಟಿದ್ರೆ ಇರೋದೂ ಹೋಗ್ತದೆ’ ಎಂದ. ಟ್ಯಾಬನ್ನು ಟವೆಲ್ಲಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟೆ. ಇವಳು ದಿನಾ ಅಡುಗೆ ವಿಡಿಯೋ ನೋಡುತ್ತಿದ್ದದ್ದೂ ನಿಂತಿತು. ಮನೆಯಲ್ಲಿ ಸೂತಕದ ಕಳೆ.

ಆ ದಿನಗಳಲ್ಲಿ ಒಂದು ವಿಚಿತ್ರ ನಡೆಯಿತು. ಕಳೆದುಹೋದ ನನ್ನ ಬರಹ ದಿನದಿಂದ ದಿನಕ್ಕೆ ಉತ್ತಮವಾಗತೊಡಗಿತು. ಮೊದಲ ದಿನ ‘ಏನೋ ಟಿಪ್ಪಣಿಗಳು’ ಎಂದವನು ಮೂರನೇ ದಿನ ‘ಊರಿನ ಚರಿತ್ರೆ’ ಎಂದೆ. ಆರನೇ ದಿನ ಅದು ‘ಅಚ್ಚಿಗೆ ಹೋಗಲು ಸಿದ್ಧವಿದ್ದ ಪುಸ್ತಕ’ ಆಯಿತು. ಅಜ್ಜ ಹೇಳಿದ ಕೋಡಿಯ ವರ್ಣನೆಯಂತೂ, ನನ್ನ ನೆನಪಿನಲ್ಲಿ, ಹತ್ತು ಪುಟ ದಾಟಿತ್ತು. ಅದನ್ನು ನೆನೆದು ಎರಡು ರಾತ್ರಿ ನಿಜಕ್ಕೂ ನಿದ್ದೆ ಬರಲಿಲ್ಲ.

ಹಬ್ಬದ ದಿನ ಹೋಳಿಗೆ ಉಂಡು ಅಕ್ಕನ ಮಗ ಚಾಪೆಯ ಮೇಲೆ ಕೂತ. ಟವೆಲ್ಲು ಬಿಚ್ಚಿದ. ‘ಅಳಿಸೋದು ಅಂದ್ರೆ ಅಳಿಸೋದಲ್ಲ ಮಾವ. ಹಳೇ ಡಾಸ್ ಕಾಲದಲ್ಲಿ ಫೈಲ್ ಅಳಿಸಿದ್ರೆ, ಪಟ್ಟೀಲಿ ಹೆಸರಿನ ಮೊದಲಕ್ಷರ ಮಾತ್ರ ತೆಗೆದು ಜಾಗ ಖಾಲಿ ಅಂತ ಬರ್ಕಳ್ಳೋದು. ಮಾಲು ಇದ್ದಲ್ಲೇ ಇರೋದು, ಅದರ ಮೇಲೆ ಬೇರೆ ಬರೆಯೋವರೆಗೂ. 1991ರಲ್ಲಿ ಅನ್‌ಡಿಲೀಟ್ ಅಂತ ಒಂದು ಕೊಟ್ರು. ಅದು ನಮ್ಮನ್ನೇ ಕೇಳೋದು, ಮೊದಲಕ್ಷರ ಯಾವ್ದಿತ್ತು ಹೇಳಿ ಅಂತ.’

‘ಅಂದರೆ ಐಮಂಗಲ ಅಳಿಸಿದರೆ?’

‘ಮಂಗಲ ಉಳಿಯೋದು.’

ಭಜನೆ ಮುಗಿದ ಮೇಲೆ ಹಾಡುವುದೂ ಅದನ್ನೇ. ನನಗೆ ಸರಿಯಾಗಿಯೇ ಇದೆ ಎನಿಸಿತು.

‘ಈಗಿನವು ಹಂಗಲ್ಲ. ಎಲ್ಲಕ್ಕೂ ಗೂಢಲಿಪಿಯ ಬೀಗ. ಪೂರ್ತಿ ಅಳಿಸಿದ ಮೇಲೆ ಮೂರಲ್ಲ, ಮೂವತ್ತು ಸಾವಿರ ಕೊಟ್ಟರೂ ತೆಗೆಯೋದು ಕಷ್ಟ. ಅದಕ್ಕೇ ಮೊದಲು ಕಸದ ಬುಟ್ಟಿಗೆ ಹಾಕಿ ಕಾಯ್ತವೆ. ಗೂಗಲ್ ಕೀಪ್ ಆದ್ರೆ ಏಳೇ ದಿನ, ನಿಮ್ಮ ಕಥೆ ಮೊನ್ನೆಗೇ ಮುಗ್ದಿರೋದು. ಇದ್ರಲ್ಲಿ ಮೂವತ್ತು ದಿನ.’ ಅಡುಗೆಮನೆಯ ಬಾಗಿಲಲ್ಲಿ ಇವಳು ಸೆರಗಿಗೆ ಕೈ ಒರೆಸುತ್ತಾ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅದನ್ನು ನಾನು ಗಮನಿಸಬೇಕಿತ್ತು.

ಎಡಗಡೆ ‘ಇತ್ತೀಚೆಗೆ ಅಳಿಸಿದ್ದು’ ಎಂಬ ಅರ್ಥದ ಒಂದು ಫೋಲ್ಡರ್ ಒಂಬತ್ತು ದಿನದಿಂದಲೂ ಕೂತಿತ್ತು. ಅವನು ಅದನ್ನು ತೆರೆದ, ಎಲ್ಲವನ್ನೂ ಒಟ್ಟಿಗೆ ಎತ್ತಿ ಹಳೆಯ ಜಾಗಕ್ಕೆ ಹಾಕಿದ. ಹೋಳಿಗೆಯ ತುಪ್ಪ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. 214 ಮಾತ್ರವಲ್ಲ, ಆ ತಿಂಗಳಲ್ಲಿ ಬೇಕೆಂದೇ ಅಳಿಸಿದ್ದ ಏಳೂ ಸೇರಿ 221.

ಕೈ ನಡುಗುತ್ತಾ ಅಜ್ಜನ ಟಿಪ್ಪಣಿ ತೆರೆದೆ. ಇಷ್ಟಿತ್ತು:

‘ಅಜ್ಜ. 1933. ಅಪ್ಪನ ಹೆಗಲು. ಮೀನು!! ವಿವರ ಆಮೇಲೆ ಬರೆಯುವುದು.’

ಮೇಲೆ ಕೆಳಗೆ ಎಳೆದು ನೋಡಿದೆ. ಇನ್ನೇನೂ ಇಲ್ಲ. ಆ ಮಧ್ಯಾಹ್ನ ನಾನು ಬರೆದುಕೊಳ್ಳುತ್ತಿರಲಿಲ್ಲ, ಕೇಳುತ್ತಿದ್ದೆ. ಮೀನಿನ ಮುಂದೆ ಎರಡು ಆಶ್ಚರ್ಯಸೂಚಕ ಯಾಕೆ ಹಾಕಿದೆ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅಜ್ಜ ಎರಡೂ ಕೈ ಅಗಲಿಸಿ ಏನೋ ತೋರಿಸಿದ್ದು ನೆನಪಿದೆ. ಎಷ್ಟು ಅಗಲ ಎಂಬುದು ಹೋಗಿದೆ. ಅದಕ್ಕೆ ಯಾವ ಫೋಲ್ಡರೂ ಇಲ್ಲ.

‘ಸಿಕ್ತಲ್ಲ ಮಾವ?’ ಎಂದ ಅವನು. ‘ಸಿಕ್ತಪ್ಪ’ ಎಂದೆ. ಊರಿನ ಐ ಬಗ್ಗೆ ನಾಲ್ಕು ಕಥೆ ಎಂದುಕೊಂಡಿದ್ದರಲ್ಲಿ ಎರಡು ಒಂದೇ ಆಗಿದ್ದವು. ‘ನಾಳೆಯಿಂದ ವಾಕಿಂಗ್’ ಹನ್ನೊಂದು ಸಲ ಇತ್ತು. ಕೈಸಾಲದ್ದು ಮಾತ್ರ ಪೈಸೆ ಸಮೇತ ಸರಿಯಾಗಿತ್ತು. ಆ ಇಬ್ಬರಿಗೆ ಇನ್ನೂ ಹೇಳಿಲ್ಲ. ಅವರು ಕೊಡಿಸುವ ಟೀ ಚೆನ್ನಾಗಿರುತ್ತದೆ.

ಕೈ ತೊಳೆದು ಬರುವಷ್ಟರಲ್ಲಿ ಟ್ಯಾಬು ಇವಳ ತೊಡೆಯ ಮೇಲಿತ್ತು. ವಿಡಿಯೋ ಹುಡುಕುತ್ತಿದ್ದಾಳೆ ಎಂದುಕೊಂಡೆ. ಓದುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ಈಗ ಹೇಳಲೇಬೇಕು. ನಾನು ಅಳಿಸಲು ಹೊರಟಿದ್ದ ಆ ಒಂದು ಟಿಪ್ಪಣಿಯ ಹೆಸರು ‘ಭಾವಮೈದ: ಒಂದು ಅಧ್ಯಯನ’. ಲಲಿತ ಪ್ರಬಂಧವೇ. ಅವಳ ತಮ್ಮ ಬಂದರೆ ಎಷ್ಟು ದಿನ ಇರುತ್ತಾನೆ, ಎಷ್ಟು ಮುದ್ದೆಯಾದ ಮೇಲೆ ‘ಸಾಕಕ್ಕಾ’ ಎನ್ನುತ್ತಾನೆ, ಹೋಗುವಾಗ ಕೊಂಡೊಯ್ದು ವಾಪಸು ತಾರದ ಟಾರ್ಪಾಲು, ಏಣಿ, ಔಷಧಿ ಹೊಡೆಯುವ ಪಂಪು, ಎಲ್ಲ ವರ್ಷವಾರು ಇತ್ತು. ಬರೆದವನು ನಾನೇ ಆದರೂ ಹೇಳುತ್ತೇನೆ, 221ರಲ್ಲಿ ಪೂರ್ತಿ ಬರೆದು ಮುಗಿಸಿದ್ದು ಅದೊಂದೇ.

ಓದಿ ಮುಗಿಸಿ ಕನ್ನಡಕ ತೆಗೆದಳು. ನನ್ನ ಕನ್ನಡಕ.

‘ಒಂದ್ ಕಡೆ ತಪ್ಪೈತೆ.’

‘ಎಲ್ಲಿ?’

‘ಆ ಏಣಿ ನಿಮ್ದಲ್ಲ. ನಮ್ಮಪ್ಪ ಕೊಟ್ಟಿದ್ದು.’

‘ಅಳಿಸಿಬಿಡ್ತೀನಿ ಬಿಡೆ, ಸುಮ್ಮನೆ ತಮಾಷೆಗೆ ಬರೆದದ್ದು.’

‘ಅಳ್ಸಿ. ಬ್ಯಾಡ ಅಂದೋರ್ಯಾರು?’ ಎಂದು ಟ್ಯಾಬನ್ನು ನನ್ನ ಕೈಗಿಟ್ಟು ಎದ್ದಳು. ‘ಮೂವತ್ತ್ ದಿನ ಅಲ್ಲೇ ಇರುತ್ತಂತಲ್ಲ. ಬರೋ ವಾರ ನನ್ನ ತಮ್ಮ ಬರ್ತಾನೆ, ಅವನೂ ಓದ್ಲಿ.’

ಬರುವಾಗ ಏಣಿ ತರುತ್ತಾನಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.