ಕುಚ್ಚಿನಕ್ಕನ ಬಿಡುವಿನ ವೇಳೆ

ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ, ಮದುವೆ ಸೀರೆಯ ಚೀಲ ಹಿಡಿದು ನಿಂತು ‘ಕುಚ್ಚು ಹಾಕೋರ ಮನೆ ಯಾವುದು?’ ಎಂದು ಕೇಳಿದರೆ ಯಾರೂ ಬೋರ್ಡಿನ ಗುರುತು ಹೇಳುವುದಿಲ್ಲ. ಬೋರ್ಡೇ ಇರುವುದಿಲ್ಲ. ‘ಈ ಗಲ್ಲಿಯಲ್ಲಿ ಹೋಗಿ, ಎಲ್ಲಿ ಮಗು ರಂಪ ಮಾಡ್ತಾ ಇರುತ್ತೋ ಅದೇ ಮನೆ’ ಎನ್ನುತ್ತಾರೆ. ಗುರುತು ತಪ್ಪುವ ಮಾತೇ ಇಲ್ಲ. ಬಾಗಿಲಲ್ಲಿ ಎಡಗಾಲಿನದೊಂದೇ ಪುಟ್ಟ ಚಪ್ಪಲಿ, ಒಳಗೆ ಸೋಫಾದ ಮೇಲೆ ಹಳೇ ಪಂಚೆ ಹೊದ್ದು ಮಲಗಿದ ನಾಲ್ಕಾರು ರೇಷ್ಮೆ ಸೀರೆ, ಫ್ರಿಜ್ಜಿನ ನೆತ್ತಿಯ ಮೇಲೆ ಕತ್ತರಿ, ಕತ್ತರಿಯ ಪಕ್ಕ ಮಣಿ ಡಬ್ಬಿಗಳು. ಈ ಮನೆಯಲ್ಲಿ ಬೆಲೆಬಾಳುವುದೆಲ್ಲ ನಾಲ್ಕಡಿಗಿಂತ ಮೇಲೆ ವಾಸ ಮಾಡುತ್ತದೆ. ಅದರ ಕೆಳಗಿನ ರಾಜ್ಯಭಾರ ಮಕ್ಕಳದ್ದು. ಮನೆಯೊಡತಿಗೆ ಊರಿಟ್ಟ ಹೆಸರು ಕುಚ್ಚಿನಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಸೀರೆ ಕೊಡುವಾಗ ‘ಅಕ್ಕಾ, ಸ್ವಲ್ಪ ಬೇಗ’ ಎನ್ನುತ್ತಾರೆ. ದುಡ್ಡು ಕೊಡುವಾಗ ಮಾತ್ರ ‘ಏನಮ್ಮಾ, ದಾರಕ್ಕೆ ಇಷ್ಟೊಂದಾ?’ ಎಂದು ಹಿರಿತನಕ್ಕೆ ವಾಪಸಾಗುತ್ತಾರೆ. ಇವಳ ಕಸುಬಿನ ಬಗ್ಗೆ ಊರಿನದು ಒಂದೇ ತೀರ್ಮಾನ: ಮನೇಲೇ ಇರ್ತಾಳಲ್ಲ, ಬಿಡುವಿನಲ್ಲಿ ಏನೋ ಒಂದು ಮಾಡಿಕೊಂಡಿದ್ದಾಳೆ. ಈ ತೀರ್ಮಾನ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಇವಳಿಗೆ ಬಿಡುವು ಎಂಬುದಿಲ್ಲ, ಇರುವುದೆಲ್ಲ ಅಡ್ಡಿ. ಅಡ್ಡಿಗಳ ನಡುವೆ ಈ ಕಸುಬು ಹೇಗೋ ಬದುಕಿಕೊಂಡಿದೆ ಎನ್ನುವುದೂ ಸರಿಯಲ್ಲ. ಅಡ್ಡಿಗಳೇ ಅದನ್ನು ಆರಿಸಿಕೊಂಡಿವೆ.

ಪುರಾವೆಗೆ ಸ್ವೆಟರಿನ ಕಥೆ ನೋಡಿ. ಬಸುರಿಯ ಕೈಯಲ್ಲಿ ಎರಡು ಕಡ್ಡಿ, ಉಲ್ಲನ್ನಿನ ಉಂಡೆ ಕಂಡರೆ ಮನೆಯವರಿಗೆಲ್ಲ ಸಂತೋಷ. ಕುಲಾವಿ ಮುಗಿಯುತ್ತದೆ, ಕಾಲುಚೀಲ ಮುಗಿಯುತ್ತದೆ, ಸ್ವೆಟರಿನ ಬೆನ್ನೂ ಮುಗಿಯುತ್ತದೆ. ಅಷ್ಟರಲ್ಲಿ ಮಗು ಹುಟ್ಟಿ ಅಂಬೆಗಾಲಿಕ್ಕುತ್ತದೆ, ಒಂದೂವರೆ ತೋಳಿಗೆ ನಿಂತ ಸ್ವೆಟರು ಬೀರುವಿನ ಕೆಳಗಿನ ಅರೆ ಸೇರುತ್ತದೆ. ಜನ ಇದಕ್ಕೆ ಸೋಮಾರಿತನ ಎನ್ನುತ್ತಾರೆ. ಆದರೆ ಎರಡು ಕಡ್ಡಿಯ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ಬಾಯಿ ತೆರೆದುಕೊಂಡೇ ಕೂತಿರುತ್ತವೆ. ಒಂದು ವರ್ಷದ ಮಗು ಕಡ್ಡಿಯನ್ನು ಒಮ್ಮೆ ಸರ್ರನೆ ಎಳೆದರೆ ಅಷ್ಟೂ ಕುಣಿಕೆ ಬೀದಿಗೆ ಬೀಳುತ್ತವೆ. ಅವನ್ನು ಮತ್ತೆ ಒಂದೊಂದಾಗಿ ಹೆಕ್ಕಿ ಕಡ್ಡಿಗೇರಿಸಲು ಆ ಮಗು ನಿದ್ದೆ ಮಾಡಬೇಕು. ಕ್ರೋಶಾ ಕಡ್ಡಿಯ ಕೆಲಸದಲ್ಲಿ ಬಾಯಿ ತೆರೆದ ಕುಣಿಕೆ ಸಾಮಾನ್ಯವಾಗಿ ಒಂದೇ. ಎಳೆದರೆ ನಾಲ್ಕು ಚೈನು ಬಿಚ್ಚೀತು, ಅಷ್ಟೇ. ಎದ್ದು ಓಡಬೇಕಾದಾಗ ಆ ಒಂದು ಕುಣಿಕೆಗೆ ಸೇಫ್ಟಿ ಪಿನ್ನು ಚುಚ್ಚಿದರೆ ಪ್ರಪಂಚ ಹಾಗೇ ಕಾಯುತ್ತದೆ. ಮೇಲಾಗಿ ಎರಡು ಕಡ್ಡಿಯ ವಿದ್ಯೆಯನ್ನು ಯಂತ್ರ ಎಂದೋ ಕಲಿತಿದೆ. ಇಂಗ್ಲೆಂಡಿನ ಪಾದ್ರಿ ವಿಲಿಯಂ ಲೀ 1589ರಲ್ಲೇ ಹೆಣಿಗೆ ಯಂತ್ರ ಕಟ್ಟಿದ. ತಾನು ಮೆಚ್ಚಿದ ಹುಡುಗಿ ಹೆಣಿಗೆಯಿಂದ ಕಣ್ಣೆತ್ತಿ ತನ್ನನ್ನು ನೋಡಲೇ ಇಲ್ಲವೆಂಬ ಸಿಟ್ಟಿಗೆ ಕಟ್ಟಿದ ಎಂದು ಒಂದು ದಂತಕಥೆ. ಗಂಡಸರ ಎಷ್ಟೋ ಸಂಶೋಧನೆಗಳ ಹಿಂದೆ ಇಂಥದ್ದೇನೋ ಇದ್ದೀತು. ಈಗ ಲೂಧಿಯಾನದ ಸ್ವೆಟರು ಸಂತೆಯಲ್ಲಿ ರಾಶಿ ಬಿದ್ದಿದೆ, ಅರೆಮಲೆನಾಡಿನ ಚಳಿಗೆ ಒಂದಿದ್ದರೆ ನಾಲ್ಕು ವರ್ಷ. ಕ್ರೋಶಾ ಕೆಲಸವನ್ನು ಕೈಯಿಂದ ಹಾಗೆ ಕಿತ್ತುಕೊಂಡ ಯಂತ್ರ ಇನ್ನೂ ಬಂದಿಲ್ಲ. ಅಂಗಡಿಯಲ್ಲಿ ರೆಡಿಮೇಡ್ ಕುಚ್ಚಿನ ಲೇಸು ಸಿಗುವುದೇನೋ ನಿಜ, ಆದರೆ ಅದು ಇದೇ ಸೀರೆಯ ಇದೇ ಬಾರ್ಡರಿನ ಎಲೆಹಸಿರಿಗೆ ಹೊಂದುವುದಿಲ್ಲ. ಹೊಂದಿಸಲಿಕ್ಕೆಂದೇ ಕುಚ್ಚಿನಕ್ಕ ಸರ್ಕಾರಿ ಬಸ್ಸು ಸಿಕ್ಕರೆ ಶಕ್ತಿ ಯೋಜನೆಯ ಪುಣ್ಯದಲ್ಲಿ, ಸಿಗದಿದ್ದರೆ ಖಾಸಗಿ ಬಸ್ಸಿನಲ್ಲಿ ಒಂದು ಮಗುವನ್ನು ಕಂಕುಳಲ್ಲಿ ಒತ್ತಿಕೊಂಡು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗುತ್ತಾಳೆ.

ಕೆಲಸವನ್ನು ಹತ್ತಿರದಿಂದ ನೋಡಿದರೆ ವಾದ ಇನ್ನೂ ಗಟ್ಟಿಯಾಗುತ್ತದೆ. ಸೆರಗಿನ ಕೊನೆಯಲ್ಲಿ ನೇಯ್ಗೆಯ ಹಾಸಿನ ಎಳೆಗಳು ಬಿಡುಬಿಡಾಗಿ ಜೋಲುತ್ತವೆ. ಅವು ಬಿಚ್ಚದಂತೆ ಅಂಚು ಕಟ್ಟುವುದು ಕುಚ್ಚಿನ ಮೂಲ ಉದ್ದೇಶ, ಚೆಂದ ಆಮೇಲಿನದು. ಸುಮಾರು 45 ಇಂಚಿನ ಅಂಚಿಗೆ ಮೊದಲು ಕ್ರೋಶಾ ಕಡ್ಡಿಯಿಂದ ಚೈನು, ಚೈನಿನಲ್ಲಿ ಕಮಾನು, ಕಮಾನಿನ ನಡುವೆ ಮಣಿ, ಕೊನೆಗೆ ರೇಷ್ಮೆ ದಾರದ ಎಳೆಗಳನ್ನು ಮಡಚಿ ಕತ್ತು ಬಿಗಿದ ಕುಚ್ಚು. ಒಂದೊಂದು ಕುಚ್ಚೂ ತನ್ನಷ್ಟಕ್ಕೆ ಪೂರ್ಣ. ಹನ್ನೊಂದನೆಯದು ಮುಗಿದಾಗ ಹಾಲು ಉಕ್ಕಿದರೆ ಹನ್ನೆರಡನೆಯದನ್ನು ಸಂಜೆ ಕಟ್ಟಬಹುದು, ಬೇಸರವಾದರೆ ನಾಡಿದ್ದು ಕಟ್ಟಬಹುದು. ಕಷ್ಟವಿರುವುದು ಎಣಿಕೆಯಲ್ಲಿ. ಕುಚ್ಚಿನಕ್ಕ ಒಳಗೊಳಗೇ ‘ಐದು, ಆರು, ಏಳು’ ಎಂದು ಚೈನು ಎಣಿಸುತ್ತಿರುತ್ತಾಳೆ. ಅಡುಗೆಮನೆಯಲ್ಲಿ ಕುಕ್ಕರಿನ ಎರಡನೇ ಸೀಟಿ. ಎದುರಿಗೆ ಕೂತ ದೊಡ್ಡ ಮಗ ‘ಏಳೆರಡ್ಲ ಹದಿನಾಲ್ಕು’ ಎಂದು ರಾಗವಾಗಿ ಮಗ್ಗಿ ಒಪ್ಪಿಸುತ್ತಾನೆ. ಮೂರು ಲೆಕ್ಕ ಒಂದೇ ತಲೆಯಲ್ಲಿ ಕೂಡಿ, ಏಳು ಚೈನಿನ ಕಮಾನು ಒಂಬತ್ತಾಗಿ, ಬೇಳೆ ಐದು ಸೀಟಿಗೆ ಕರಗಿ ಗಂಜಿಯಾಗುತ್ತದೆ. ಒಂಬತ್ತರ ಕಮಾನನ್ನು ಬಿಚ್ಚಲು ಪುರುಸೊತ್ತಿಲ್ಲ. ಆದ್ದರಿಂದ ಅಂಚಿನುದ್ದಕ್ಕೂ ಒಂದು ಬಿಟ್ಟು ಒಂದು ಕಮಾನು ಒಂಬತ್ತರದ್ದಾಗುತ್ತದೆ. ಮದುವೆಮನೆಯಲ್ಲಿ ಅದನ್ನು ಕಂಡವರು ‘ಇದ್ಯಾವುದೇ ಹೊಸ ಡಿಸೈನು?’ ಎಂದು ಫೋಟೊ ತೆಗೆದು ವಾಟ್ಸಾಪಿಗೆ ಹಾಕುತ್ತಾರೆ. ಮುಂದಿನ ವಾರ ಮೂವರು ಅದೇ ಬೇಕೆಂದು ಬರುತ್ತಾರೆ. ಡಿಸೈನರ್ ಯಾರು ಎಂದು ನ್ಯಾಯವಾಗಿ ಬರೆಯುವುದಾದರೆ ತಾಯಿಯ ಹೆಸರಿನ ಜೊತೆ ಏಳರ ಮಗ್ಗಿಯನ್ನೂ ಬರೆಯಬೇಕು.

ಈ ನಂಟನ್ನು ವಿದ್ವಾಂಸರು ಗಮನಿಸದೆ ಬಿಟ್ಟಿಲ್ಲ. ಜುಡಿತ್ ಬ್ರೌನ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ 1970ರಲ್ಲಿ ಒಂದು ಪುಟ್ಟ ಲೇಖನ ಬರೆದರು. ಹೆಂಗಸರ ಪಾಲಿಗೆ ಯಾವ ಕೆಲಸ ಬರುತ್ತದೆ ಎಂಬುದಕ್ಕೆ ಅವರು ತೋಳ್ಬಲದ ಕಾರಣ ಕೊಡಲಿಲ್ಲ, ಮಕ್ಕಳನ್ನು ನೋಡಿಕೊಳ್ಳುವುದರ ಜೊತೆಗೆ ಸಾಗುವ ಕೆಲಸ ಅವರ ಪಾಲಿಗೆ ಬರುತ್ತದೆ ಎಂದರು: ನಡುವೆ ಬಿಟ್ಟು ಮತ್ತೆ ಹಿಡಿಯುವಂತಿರಬೇಕು, ಪೂರ್ತಿ ಮೈಮರೆತು ಮಾಡಬೇಕಾದದ್ದಾಗಿರಬಾರದು, ಮನೆಯಿಂದ ದೂರ ಹೋಗುವಂತಿರಬಾರದು, ಮಗುವಿಗೆ ಅಪಾಯವಾಗಬಾರದು. ಎಲಿಜಬೆತ್ ವೇಲ್ಯಾಂಡ್ ಬಾರ್ಬರ್ 1994ರ ತಮ್ಮ ಪುಸ್ತಕದಲ್ಲಿ ಇದೇ ಎಳೆ ಹಿಡಿದು ಸಾವಿರಾರು ವರ್ಷಗಳ ನೂಲು, ನೇಯ್ಗೆಯ ಚರಿತ್ರೆ ಹೇಳಿದರು. ಕುಚ್ಚಿನಕ್ಕ ಇವರಿಬ್ಬರನ್ನೂ ಓದಿಲ್ಲ. ಓದಿದ್ದರೆ ನಾಲ್ಕನೇ ಷರತ್ತಿಗೆ ಬಂದಾಗ ನಕ್ಕುಬಿಡುತ್ತಿದ್ದಳು. ಮಣಿ ಮಗುವಿನ ಮೂಗಿಗೆ, ಸೂಜಿ ಅತ್ತೆಯ ಕಾಲಿಗೆ, ದಾರ ಫ್ಯಾನಿಗೆ ಹೋಗುವ ಮನೆಯಲ್ಲಿ ಅಪಾಯವಿಲ್ಲದ್ದು ಕುಚ್ಚಿನ ಗಂಟೊಂದೇ. ಅದಕ್ಕೇ ಫ್ರಿಜ್ಜಿಗೆ ಎರಡನೇ ಉದ್ಯೋಗ ಬಂದಿರುವುದು.

ಇಲ್ಲಿಗೆ ಒಬ್ಬರು ಅಡ್ಡ ಬಾಯಿ ಹಾಕುವುದು ಸಹಜ. ಮೈಮರೆಯದೆ, ಅರ್ಧ ಗಮನದಲ್ಲಿ ಮಾಡಿದ್ದು ಹವ್ಯಾಸವಾದೀತು, ಕಲೆ ಹೇಗಾಗುತ್ತದೆ? ಈ ಮಾತನ್ನು ಬೇರೆಲ್ಲಿಯಾದರೂ ಆಡಬಹುದು, ಸೊರಬದಲ್ಲಿ ಆಡುವುದು ಕಷ್ಟ. ಅಲ್ಲಿನ ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚ, ಅಕ್ಕಿಹಿಟ್ಟಿನ ಬಿಳಿ ಹಿಡಿದು ಹಸೆ ಚಿತ್ತಾರ ಬರೆದವರು ಹೆಂಗಸರು. ಭೂಮಿ ಹುಣ್ಣಿಮೆಯ ಬುಟ್ಟಿಗೆ ಚಿತ್ತಾರ ತುಂಬಿದವರೂ ಅವರೇ. ಎಳೆಯ ಪಕ್ಕ ಎಳೆ ಕೂದಲಷ್ಟೂ ಕದಲದ ಆ ಗೆರೆಗಳನ್ನು ಈಗ ಪ್ರದರ್ಶನಗಳಲ್ಲಿ ಚೌಕಟ್ಟು ಹಾಕಿ ತೂಗುಹಾಕುತ್ತಾರೆ. ಬರೆಯುವಾಗ ಆ ತಾಯಂದಿರ ಬೆನ್ನಿಗೆ ಯಾವ ಮಗುವೂ ಜೋತುಬಿದ್ದಿರಲಿಲ್ಲ ಎಂದು ನಂಬುವವರು ಮಕ್ಕಳನ್ನು ಕಂಡವರಲ್ಲ. ಗುಟ್ಟು ಇಷ್ಟೇ: ಡಿಸೈನು ಹುಟ್ಟುವ ಹೊತ್ತು ಬೇರೆ, ಕೈ ಓಡುವ ಹೊತ್ತು ಬೇರೆ. ಕೆನ್ನೀಲಿಗೆ ಸಾಸಿವೆ ಹಳದಿಯ ಕುಚ್ಚೇ ಸರಿ ಎಂಬುದು ರೊಟ್ಟಿ ತಟ್ಟುವಾಗ ಹೊಳೆದಿರುತ್ತದೆ, ಬಾರ್ಡರಿನ ಮಾವಿನಕಾಯಿಯನ್ನು ಕಮಾನಿಗೆ ಇಳಿಸುವುದು ಹೇಗೆಂಬುದು ಅಂಗನವಾಡಿಯಿಂದ ಮಗುವನ್ನು ಎಳೆದುಕೊಂಡು ಬರುವ ದಾರಿಯಲ್ಲಿ. ಕೂತಾಗ ಕೈ ಅದನ್ನು ನಕಲು ಮಾಡುತ್ತದೆ ಅಷ್ಟೇ. ಇದೇ ಸೊರಬ, ಸಾಗರಗಳ ಗುಡಿಗಾರರ ಮನೆಗಳಿಂದ ಇನ್ನೊಂದು ಹೋಲಿಕೆ ತರಬಹುದು. ಗಂಧದ ಕೊರಡಿನ ಮುಂದೆ ಉಳಿ ಹಿಡಿದು ಕೂತವನು ಕೆಲಸದಲ್ಲಿದ್ದಾನೆ; ಮಗು ಆ ಕಡೆ ಹೊರಟರೆ ‘ಅಪ್ಪಂಗೆ ತೊಂದರೆ ಕೊಡಬೇಡ’ ಎಂದು ಹಿಡಿಯುತ್ತಾರೆ. ಪಕ್ಕದ ಕೋಣೆಯಲ್ಲಿ ಬೆಂಡಿನ ಬಾಸಿಂಗ ಕಟ್ಟುವವಳು ಮನೆಯಲ್ಲಿದ್ದಾಳೆ. ಮಗುವನ್ನು ಹಿಡಿದು ತಂದು ಬಿಡುವುದು ಅಲ್ಲಿಗೇ.

‘ಆದರೂ ಮನೆಯಲ್ಲೇ ಕೂತು ನಾಲ್ಕು ಕಾಸು ಬರ್ತದಲ್ಲ’ ಎನ್ನುವ ಲೆಕ್ಕಿಗರೂ ಇದ್ದಾರೆ. ಇವರಿಗೆ ಲೆಕ್ಕದಲ್ಲೇ ಉತ್ತರ ಕೊಡಬೇಕು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಚ್ಚುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲಿ ಕಳೆಯುತ್ತಾರೆ, ಕೈಹಚ್ಚುವ ಗಂಡಸರು 88 ನಿಮಿಷ. ಮಕ್ಕಳ ಆರೈಕೆಯ ಲೆಕ್ಕ ಬೇರೆಯೇ ಇದೆ. ಸಮೀಕ್ಷೆಯವರು ದಿನವನ್ನು ಅರ್ಧರ್ಧ ಗಂಟೆಯ ಖಾನೆಗಳಾಗಿ ಒಡೆದು ಬರೆದುಕೊಳ್ಳುತ್ತಾರೆ. ಅವರು ಕುಚ್ಚಿನಕ್ಕನ ಮನೆಗೆ ಬಂದರೆ ಪೆನ್ನು ಸೋಲುತ್ತದೆ: ಒಂದೇ ಖಾನೆಯಲ್ಲಿ ನಾಲ್ಕು ಕುಚ್ಚು, ಒಂದು ಉಚ್ಚೆ, ಗ್ಯಾಸಿನವನು, ಅರ್ಧ ಮಗ್ಗಿ, ಮಾವನ ಮಾತ್ರೆ, ಮತ್ತೆ ಎರಡು ಕುಚ್ಚು. ಇದರಲ್ಲಿ ದುಡಿಮೆ ಯಾವುದು, ಆರೈಕೆ ಯಾವುದು, ಬಿಡುವು ಯಾವುದು? ಗಿರಾಕಿ ಮಾತ್ರ ಕುಚ್ಚಿನ ನಿಮಿಷಗಳನ್ನು ಹೆಕ್ಕಿ ತೆಗೆದು ‘ಒಟ್ಟು ಎರಡು ಮೂರು ಗಂಟೆ ಕೆಲಸ ಅಲ್ವಾ?’ ಎನ್ನುತ್ತಾಳೆ. ಆ ಮೂರು ಗಂಟೆ ಮೂರು ದಿನಕ್ಕೆ ಹರಡಿತ್ತು, ಆ ಮೂರು ದಿನವೂ ಹತ್ತು ಸಾವಿರದ ಸೀರೆಯನ್ನು ಬೆಲ್ಲ ಮೆತ್ತಿದ ಕೈಗಳಿಂದ ಕಾಪಾಡಲಾಗಿತ್ತು. ಬ್ಯಾಂಕು ಲಾಕರಿಗೆ ಬಾಡಿಗೆ ತೆಗೆದುಕೊಳ್ಳುತ್ತದೆ, ಕುಚ್ಚಿನಕ್ಕ ತೆಗೆದುಕೊಳ್ಳುವುದಿಲ್ಲ. ಸರ್ಕಾರದ ಕಣ್ಣಿಗೂ ಇವಳು ಬಿದ್ದಂತಿಲ್ಲ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಹೂಮಾಲೆ ಕಟ್ಟುವವರಿದ್ದಾರೆ, ಮೀನಿನ ಬಲೆ ಹೆಣೆಯುವವರಿದ್ದಾರೆ. ಸೆರಗಿನಂಚಿಗೆ ಬಲೆಯನ್ನೂ ಮಾಲೆಯನ್ನೂ ಒಟ್ಟಿಗೇ ಹೆಣೆಯುವವಳು ದರ್ಜಿಯ ಹೆಸರಿನಲ್ಲಿ ಒಳಗೆ ನುಸುಳಬೇಕಷ್ಟೆ.

ಇನ್ನು ನಿಜವಾಗಿಯೂ ತೂಕವಿರುವ ಆಕ್ಷೇಪ. ಮಗುವಿಗೆ ಹೊಂದಿಕೊಳ್ಳುವ ಕಸುಬು ಎಂದು ಹೊಗಳುತ್ತಿದ್ದೀರಲ್ಲ, ಆ ಹೊಂದಾಣಿಕೆಯೇ ಬಲೆಯಲ್ಲವೇ? ಹೌದು. ಇದನ್ನು ಒಪ್ಪದೆ ಗತಿಯಿಲ್ಲ. ಕೆಲಸ ಎಲ್ಲಿ ಬೇಕಾದರೂ ನಿಲ್ಲುತ್ತದೆ ಎಂದಾದ ಮೇಲೆ ಅದನ್ನು ನಿಲ್ಲಿಸಲು ಯಾರಿಗೂ ಸಂಕೋಚವಿಲ್ಲ. ಮೆಕ್ಕೆಜೋಳದ ಹೊಲದಲ್ಲಿ ನಿಂತ ಗಂಡನನ್ನು ‘ಮಗು ನೋಡ್ಕೊಳ್ಳಿ ಬನ್ನಿ’ ಎಂದು ಯಾರೂ ಕರೆಯುವುದಿಲ್ಲ. ಅವನು ಮನೆಗೆ ಬಂದು ಟಿವಿಯ ಮುಂದೆ ಕೂತಾಗಲೂ ಹೊಲದಲ್ಲೇ ಇದ್ದಾನೆಂದು ಭಾವಿಸುವ ಪದ್ಧತಿ ಇದೆ. ಸಂಸಾರವನ್ನೂ ಸೀರೆಯನ್ನೂ ಒಟ್ಟಿಗೇ ತೊರೆದು ಹೊರಟ ಅಕ್ಕಮಹಾದೇವಿಯ ಉಡುತಡಿ ಇದೇ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಅಲ್ಲಿಂದ ಕೂಗಳತೆಯಲ್ಲಿ ಈ ಅಕ್ಕ ಎರಡನ್ನೂ ಒಂದೇ ಮಡಿಲಲ್ಲಿ ಹಾಕಿಕೊಂಡು ಕೂತಿದ್ದಾಳೆ, ಸೀರೆಯೂ ತನ್ನದಲ್ಲ. ಆದರೆ ಬಲೆಯೆಂದು ಗೊತ್ತಿದ್ದೂ ಅವಳು ಅದರಲ್ಲಿ ದಡ್ಡಿಯಾಗಿ ಸಿಕ್ಕಿಬಿದ್ದಿದ್ದಾಳೆಂಬ ಮಾತನ್ನು ನಾನು ಒಪ್ಪಲಾರೆ. ಆಷಾಢದಲ್ಲಿ ಮದುವೆಗಳಿಲ್ಲದೆ ಕೆಲಸ ಇಳಿದಾಗ ಅವಳ ಮುಖ ನೋಡಬೇಕು. ಮಾಘ, ಫಾಲ್ಗುಣದಲ್ಲಿ ಸೋಫಾದಲ್ಲಿ ಕೂರಲು ಜಾಗವಿಲ್ಲದಷ್ಟು ಸೀರೆ ಬಿದ್ದಾಗ ಬೈದುಕೊಳ್ಳುತ್ತಲೇ ಅವಳು ಮೊದಲು ಎತ್ತಿಕೊಳ್ಳುವುದು ಹೆಚ್ಚು ಕಾಸಿನದನ್ನಲ್ಲ, ತಲೆಯಲ್ಲಿ ಡಿಸೈನು ಆಗಲೇ ಸಿದ್ಧವಾಗಿರುವುದನ್ನು.

ವಾದ ನಿಲ್ಲುತ್ತದೋ ಬೀಳುತ್ತದೋ ಎಂಬ ಪರೀಕ್ಷೆಗೆ ಸುಲಭ ದಾರಿಯಿದೆ. ಅಡ್ಡಿಯೇ ಈ ಕಸುಬನ್ನು ಆರಿಸಿದ್ದಾದರೆ, ಅಡ್ಡಿ ಕಮ್ಮಿಯಾದಾಗ ಕಸುಬೂ ಬದಲಾಗಬೇಕು. ಆಗುತ್ತದೆ. ಚಿಕ್ಕದೂ ಶಾಲೆಗೆ ಸೇರಿದ ಜೂನ್ ತಿಂಗಳಿನಲ್ಲಿ ಎಷ್ಟೋ ಜನ ಕುಚ್ಚಿನಕ್ಕಂದಿರು ರವಿಕೆಯ ಆರಿ ವರ್ಕಿಗೆ ಕೈ ಹಾಕುತ್ತಾರೆ. ಆರಿ ಕೆಲಸಕ್ಕೆ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿದ ಚೌಕಟ್ಟು ಬೇಕು, ಅದು ನಡುಮನೆಯಲ್ಲಿ ಕಾಲು ಚಾಚಿ ನಿಲ್ಲುತ್ತದೆ, ಮಡಚಿ ಫ್ರಿಜ್ಜಿನ ಮೇಲಿಡಲು ಬರುವುದಿಲ್ಲ. ಅಂಬೆಗಾಲಿನ ಮಗುವಿಗೆ ಅದು ಮಂಟಪ, ಅಡಿಗೆ ನುಗ್ಗಿ ತಲೆಯೆತ್ತಿದರೆ ತಿಂಗಳ ಕೆಲಸ ಹರಿಯಿತು. ಆದ್ದರಿಂದಲೇ ಇಷ್ಟು ವರ್ಷ ಅದು ಮನೆಯೊಳಗೆ ಬಂದಿರಲಿಲ್ಲ. ಈಗ ಬಂದಿದೆ, ಚೆನ್ನಾಗಿಯೇ ದುಡಿಯುತ್ತಿದೆ, ಕುಚ್ಚಿಗಿಂತ ಕಾಸೂ ಹೆಚ್ಚು. ಮನೆಯಲ್ಲಿ ತಕರಾರು ಶುರುವಾಗಿರುವುದೂ ಈಗಲೇ. ಕುಚ್ಚು ಇದ್ದಾಗ ಯಾರಿಗೂ ಏನೂ ಅಡ್ಡವಾಗುತ್ತಿರಲಿಲ್ಲ. ಆರಿ ಚೌಕಟ್ಟನ್ನು ಸುತ್ತಿಕೊಂಡು ಬಚ್ಚಲಿಗೆ ಹೋಗಬೇಕಾಗಿ ಬಂದ ಮೊದಲ ದಿನವೇ ಮಾವನವರು ಕೇಳಿದ್ದಾರೆ: ‘ಏನಮ್ಮಾ, ಇದೇನು ಕೆಲಸ ಶುರು ಮಾಡಿದ್ದೀಯ?’